ಪುರಾವೆ ಕೇಳುವವರು ಪುರಾವೆ ಕೊಡಬೇಕಲ್ವಾ?

ಇವತ್ತು ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಿಕೊಳ್ಳಲು ನೆರವಾಗುವ ಮಾತಿನ ಥೆರಪಿ) ಕಲಿಯುತ್ತಿರುವವರ ತರಗತಿಯೊಂದರಲ್ಲಿ ಕೂತಿದ್ದೆ. ತುಂಬಾ ಅನುಭವ ಇರುವ ಹಿರಿಯರೊಬ್ಬರು ಹೊಸಬರಿಗೆ ಹೇಳಿದರು: "ರಿಸರ್ಚ್ ಮೆಥಡ್ಸ್, ಸ್ಟ್ಯಾಟಿಸ್ಟಿಕ್ಸ್ ಎಲ್ಲ ಪರೀಕ್ಷೆ ಪಾಸಾಗೋಕೆ ಅಷ್ಟೇ. ಆಮೇಲೆ ಮರೆತುಬಿಡಿ. ಥೆರಪಿಗೆ ಬೇಕಾಗಿರೋದು ಮನಸ್ಸು." ಅರ್ಧ ತರಗತಿಯ ಮುಖ ಅರಳಿತು. ನನಗೆ ಸಿಟ್ಟು ನೆತ್ತಿಗೇರಿತು. ನಾನು ಪಾಠ ಮಾಡುವುದೇ ಈ ರಿಸರ್ಚ್ ಮೆಥಡ್ಸ್. ಆದರೆ ಸಿಟ್ಟು ಬಂದಿದ್ದು ಅದಕ್ಕಲ್ಲ.

ಸೆಷನ್‌ನಲ್ಲಿ ನಾವು ಮಾಡುವುದಾದರೂ ಏನು? "ಮೀಟಿಂಗ್‌ನಲ್ಲಿ ಬಾಯಿ ಬಿಟ್ಟರೆ ಎಲ್ಲರೂ ನಗುತ್ತಾರೆ" ಅನ್ನುತ್ತಾರೆ ಕ್ಲೈಂಟ್. ಎಷ್ಟು ನಂಬುತ್ತೀರಿ, ನೂರಕ್ಕೆ? 90. ಹಾಳೆಯಲ್ಲಿ ಮೊದಲೇ ಬರೆಸುತ್ತೇವೆ. ಆಮೇಲೆ ಕೇಳಿದರೆ ನೆನಪು ತನಗೆ ಬೇಕಾದ ಹಾಗೆ ತಿರುಗಿಕೊಳ್ಳುತ್ತದೆ. ಮಾತಾಡಿ ನೋಡಿ, ಎಷ್ಟು ಜನ ನಕ್ಕರು ಎಣಿಸಿಕೊಂಡು ಬನ್ನಿ ಅಂತ ಕಳಿಸುತ್ತೇವೆ. ಊಹೆ, ಪ್ರಯೋಗ, ಲೆಕ್ಕ. ಸಂಶೋಧನೆ ಅಂದರೆ ಇದೇ ತಾನೆ? ದಿನವಿಡೀ ಕ್ಲೈಂಟ್‌ಗೆ "ಇದಕ್ಕೆ ಪುರಾವೆ ಏನು?" ಅಂತ ಕೇಳಿ, ನಮ್ಮ ಕೆಲಸದ ಬಗ್ಗೆ ಮಾತ್ರ ಆ ಪ್ರಶ್ನೆ ಬೇಡ ಅನ್ನುವುದು ನನಗೆ ಸಹಿಸಲು ಆಗುವುದಿಲ್ಲ.

ಈ ಥೆರಪಿ ಹುಟ್ಟಿದ್ದೇ ಹಾಗೆ. ಇದನ್ನು ರೂಪಿಸಿದ ಮನೋವೈದ್ಯ ಆರನ್ ಬೆಕ್, ಫ್ರಾಯ್ಡ್ ಶುರುಮಾಡಿದ ಮನೋವಿಶ್ಲೇಷಣೆಯಲ್ಲಿ ತರಬೇತಿ ಪಡೆದವರು. ಖಿನ್ನತೆ ಅಂದರೆ ಒಳಮುಖವಾಗಿ ತಿರುಗಿದ ಸಿಟ್ಟು ಅನ್ನುವ ಆಗಿನ ನಂಬಿಕೆಯನ್ನು ಸಾಬೀತು ಮಾಡಲು ರೋಗಿಗಳ ಕನಸುಗಳನ್ನು ಪರೀಕ್ಷಿಸಿದರು. ಸಿಕ್ಕಿದ್ದು ನಂಬಿಕೆಗೆ ಹೊಂದಲಿಲ್ಲ. ಅವರು ನಂಬಿಕೆಯನ್ನು ಬಿಟ್ಟರು. ಖಿನ್ನತೆ ಅಳೆಯಲು 21 ಪ್ರಶ್ನೆಗಳ ಮಾಪನವನ್ನು 1961ರಲ್ಲಿ ಪ್ರಕಟಿಸಿದರು. 1977ರಲ್ಲಿ ಬೆಕ್ ಮತ್ತು ಜೊತೆಗಾರರು ಈ ಥೆರಪಿಯನ್ನು ಖಿನ್ನತೆಗೆ ಕೊಡುವ ಇಮಿಪ್ರಮೈನ್ ಮಾತ್ರೆಯ ಎದುರು ನಿಲ್ಲಿಸಿ ಹೋಲಿಸಿದರು. ಆ ಧೈರ್ಯಕ್ಕೆ ವಾರಸುದಾರರು ನಾವು.

ಖಿನ್ನತೆ ಎಷ್ಟಿದೆ ಅಂತ ಅಳೆಯುವ ಒಂದು ಪಿಎಚ್‌ಕ್ಯೂ-9 ಹಾಳೆ ತೆಗೆದುಕೊಳ್ಳಿ. ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 27. ಮೊದಲ ವಾರ 16, ನಾಲ್ಕನೇ ವಾರ 13. ಗುಣವಾಗುತ್ತಿದೆ ಅಂತ ಹೇಳಿಬಿಡೋಣವೇ? ಈ ಮಾಪನದಲ್ಲಿ ಸಾಮಾನ್ಯವಾಗಿ 5 ಅಂಕವಾದರೂ ಇಳಿದರೆ ಮಾತ್ರ ಗಣನೀಯ ಬದಲಾವಣೆ ಅನ್ನುತ್ತಾರೆ. ಅದಕ್ಕಿಂತ ಕಡಿಮೆ ಇಳಿಕೆ ಸುಮ್ನೆ ಏರಿಳಿತವೂ ಆಗಿರಬಹುದು. ಇನ್ನೊಂದು ಮಾತು: ಜನ ನಮ್ಮ ಹತ್ತಿರ ಬರುವುದು ತೀರಾ ಕೆಟ್ಟ ದಿನಗಳಲ್ಲಿ. ಅಲ್ಲಿಂದ ಅಂಕ ತಾನಾಗಿಯೇ ಸ್ವಲ್ಪ ಇಳಿಯುವ ಸಾಧ್ಯತೆ ಜಾಸ್ತಿ. ಥೆರಪಿಸ್ಟ್ ಏನೂ ಮಾಡದಿದ್ದರೂ. ಆ ಥೆರಪಿ ಸಿಗದ ಹೋಲಿಕೆಯ ಗುಂಪು ಯಾಕೆ ಬೇಕು ಅನ್ನುವುದು ಇದನ್ನು ತಿಳಿದಾಗಲೇ ಅರ್ಥವಾಗುವುದು. ಅದೇ ಹಾಳೆಯ ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದ್ದು. ಒಟ್ಟು ಅಂಕ ಕಡಿಮೆ ಇದ್ದರೂ ಅಲ್ಲಿ 2 ಇದ್ದರೆ ಉಳಿದದ್ದೆಲ್ಲ ಬದಿಗಿಟ್ಟು ಅದರ ಬಗ್ಗೆ ಮಾತಾಡಬೇಕು. ಅಂಕ ಓದಲು ಕಲಿತವರು ಒಟ್ಟು ಅಂಕ ನೋಡಿ ನಿಲ್ಲುವುದಿಲ್ಲ.

"ಮನುಷ್ಯ ಅಂದರೆ ಅಂಕಿ ಅಲ್ಲ" ಅನ್ನುತ್ತೀರಿ. ನಿಜ. ಯಾರು ಅಂದರು ಹೌದು ಅಂತ? ಗುಂಪಿನ ಸರಾಸರಿ ನಿಮ್ಮ ಮುಂದೆ ಕೂತ ಒಬ್ಬರಿಗೆ ಹೊಂದದೇ ಇರಬಹುದು ಅಂತ ಹೇಳಿಕೊಡುವುದೇ ರಿಸರ್ಚ್ ಮೆಥಡ್ಸ್. ಒಬ್ಬರನ್ನೇ ಥೆರಪಿಗೆ ಮೊದಲು ಕೆಲವು ವಾರ ಅಳೆದು, ಆಮೇಲೂ ಅಳೆದು ನೋಡುವ ವಿಧಾನವೂ ಅಲ್ಲೇ ಇದೆ. ಈ ವಾದ ಮಾಡುವವರೇ ಮರುಕ್ಷಣ "ನನ್ನ ಕ್ಲೈಂಟ್‌ಗಳು ಬಹುತೇಕ ಗುಣವಾಗಿದ್ದಾರೆ" ಅನ್ನುತ್ತಾರೆ. ಅದೂ ಅಂಕಿಯೇ. ಎರಡನೇ ಸೆಷನ್ ಆದಮೇಲೆ ಮತ್ತೆ ಬಾರದವರು ಆ ಲೆಕ್ಕದಲ್ಲಿ ಇದ್ದಾರಾ?

ಇದು ನನ್ನನ್ನು ಕಾಡುವ ವಿಷಯ. ನನ್ನ ಹತ್ತಿರ ಬಂದು ಚೇತರಿಸಿಕೊಂಡವರು ಕೈ ಹಿಡಿದು ಥ್ಯಾಂಕ್ಸ್ ಹೇಳುವಾಗ ಕಣ್ಣು ತುಂಬುತ್ತದೆ. ಅದೇ ರಾತ್ರಿ, ಹೇಳದೆ ನಿಲ್ಲಿಸಿದವರು ನೆನಪಾಗುತ್ತಾರೆ. ಅವರಿಗೆ ಏನಾಯಿತು? ಮನಸ್ಸು ಇರುವವರಿಗೆ ಈ ಪ್ರಶ್ನೆ ಬರಲೇಬೇಕು. ಬಂದ ಮೇಲೆ ಎಣಿಸದೆ ದಾರಿಯಿಲ್ಲ.

ಕಲಿಸುವ ರೀತಿ ಸರಿಯಿಲ್ಲ, ಅದನ್ನು ಒಪ್ಪುತ್ತೇನೆ. ಮೊದಲ ದಿನವೇ ಬೋರ್ಡ್ ತುಂಬ ಸೂತ್ರ ಬರೆದರೆ ಯಾರಿಗೆ ಬೇಕು? ಪಿ ವ್ಯಾಲ್ಯೂ 0.03 ಅಂದರೆ ಥೆರಪಿ ಕೆಲಸ ಮಾಡುವ ಸಾಧ್ಯತೆ 97% ಅಂತ ನಂಬಿಕೊಂಡೇ ಎಷ್ಟೋ ಜನ ಪದವಿ ಮುಗಿಸುತ್ತಾರೆ. ಅದು ತಪ್ಪು. ಥೆರಪಿಯಿಂದ ಏನೂ ವ್ಯತ್ಯಾಸ ಆಗುವುದಿಲ್ಲ ಅಂತ ಇಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಆಕಸ್ಮಿಕವಾಗಿ ಕಾಣುವುದು ಎಷ್ಟು ಅಪರೂಪ ಅನ್ನುವುದಷ್ಟೇ ಅದು. ಅಂತರ ಎಷ್ಟು ದೊಡ್ಡದು, ಕ್ಲೈಂಟ್ ಬದುಕಲ್ಲಿ ಗೊತ್ತಾಗುವಷ್ಟಿದೆಯಾ ಅನ್ನುವುದು ಬೇರೆಯೇ ಪ್ರಶ್ನೆ.

ಇವತ್ತು ತರಗತಿಯಲ್ಲಿ ಇದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಅರ್ಥವಾಗದ ಒಂದು ರಿಸರ್ಚ್ ಪೇಪರ್ ಹಿಡಿದುಕೊಂಡು ನನ್ನ ಹತ್ತಿರ ಬನ್ನಿ. ಇಬ್ಬರೂ ಕೂತು, ಎಷ್ಟು ಜನ ಸೇರಿದ್ದರು, ಎಷ್ಟು ಜನ ಮಧ್ಯದಲ್ಲೇ ಬಿಟ್ಟರು ಅನ್ನುವಲ್ಲಿಂದ ಶುರು ಮಾಡೋಣ. ಸೂತ್ರ ಆಮೇಲೆ.