ರಸ್ತೆ ಬಂದ್ ಮಾಡುವುದಾದರೆ ಕ್ರಾಸಿನಲ್ಲೇ ಮಾಡಿ

ತುಂಗಭದ್ರೆ ತುಂಬಿ ಬಂದಾಗಲೆಲ್ಲ ಹರಿಹರ ತಾಲ್ಲೂಕಿನ ಎರಡು ರಸ್ತೆಗಳು ನೀರಲ್ಲಿ ಮುಳುಗಿ ಸುದ್ದಿಗೆ ಬರುತ್ತವೆ: ಫತ್ತೇಪುರ–ಉಕ್ಕಡಗಾತ್ರಿ, ಸಾರಥಿ–ಚಿಕ್ಕಬಿದರಿ. ಮೇಲೆ ಶಿವಮೊಗ್ಗದ ಹತ್ತಿರ ಇರುವ ಗಾಜನೂರಿನ ತುಂಗಾ ಅಣೆಕಟ್ಟು ಚಿಕ್ಕದು, ಬೇಗ ತುಂಬುತ್ತದೆ. ಆಮೇಲೆ ಬಂದ ನೀರೆಲ್ಲ ಕೆಳಕ್ಕೇ. ನೀರು ಬರುವುದು ಯಾರಿಗೂ ಹೊಸದಲ್ಲ. ಆದರೂ "ಇಷ್ಟು ನೀರಿಗೆ ಯಾಕ್ರೀ ಬಂದ್ ಮಾಡಿದ್ರಿ?" ಅನ್ನೋ ಜಗಳ ಪ್ರತಿ ಸಲ ಮೊದಲಿಂದ ಶುರು.

ಬಂದ್ ಮಾಡುವುದು ತಪ್ಪಲ್ಲ, ಮಾಡುವ ಜಾಗ ತಪ್ಪು. ನೀರಿನ ಅಂಚಿನಲ್ಲಿ ಜಾಲಿಮುಳ್ಳು, ನಾಲ್ಕು ಕಲ್ಲು ಇಟ್ಟರೆ, ಲೋಡ್ ಟ್ರ್ಯಾಕ್ಟರ್ ಅಲ್ಲಿ ತಿರುಗಲು ಜಾಗವೇ ಇರುವುದಿಲ್ಲ. ಅಷ್ಟು ದೂರ ಬಂದವನು ಮುಳ್ಳು ಸರಿಸಿ ನುಗ್ಗುತ್ತಾನೆ. ಬದಲಿ ದಾರಿ ಕವಲೊಡೆಯುವ ಕ್ರಾಸಿನಲ್ಲೇ, ಎರಡೂ ಕಡೆ, ಬೋರ್ಡ್ ಇರಬೇಕು: ಯಾವ ರಸ್ತೆ ಬಂದ್, ಯಾವ ಕಡೆಯಿಂದ ಹೋಗಬೇಕು, ಯಾರಿಗೆ ಫೋನ್ ಮಾಡಬೇಕು. ಅಮಾವಾಸ್ಯೆಗೆ ಉಕ್ಕಡಗಾತ್ರಿಯ ಕರಿಬಸವೇಶ್ವರನ ದರ್ಶನಕ್ಕೆ ಬರುವ ಜನಕ್ಕಂತೂ ಹಿಂದಿನ ಸಂಜೆಯೇ ಹರಿಹರದಲ್ಲಿ ಹೇಳಬೇಕು.

"ಮೊಣಕಾಲುದ್ದ ಅಷ್ಟೇ" ಅನ್ನುವವರಿಗೆ: ರಭಸದ ನೀರು ಅರ್ಧ ಅಡಿ ಇದ್ದರೂ ಆಳನ್ನು ಕೆಡವಬಲ್ಲದು, ಒಂದು ಅಡಿಗೆ ಸಣ್ಣ ಕಾರು ತೇಲಬಹುದು. ಹರಿವಿನ ವೇಗ ಇಮ್ಮಡಿಯಾದರೆ ತಳ್ಳುವ ಬಲ ನಾಲ್ಕು ಪಟ್ಟು. ಟ್ರ್ಯಾಕ್ಟರ್ ಭಾರ ಇದೆ, ನಿಜ. ಆದರೆ ಖಾಲಿ ಟ್ರೇಲರ್ ಪಕ್ಕಕ್ಕೆ ಸರಿದರೆ ಇಂಜಿನ್ನನ್ನೂ ಎಳೆದುಕೊಂಡೇ ಹೋಗುತ್ತದೆ. ಹಿನ್ನೀರು ನಿಂತಲ್ಲಿ ರಭಸವಿಲ್ಲ, ಆದರೆ ರಸ್ತೆಯ ಅಂಚು ಕಾಣುವುದಿಲ್ಲ. ತಗ್ಗಿನಲ್ಲಿ ಅಡಿ ಗುರುತು ಬರೆದ ಕಂಬ, ಉದ್ದಕ್ಕೂ ಅಂಚುಗಲ್ಲು ಇದ್ದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಅಧಿಕಾರ ಯಾರದು? 2005ರ ವಿಪತ್ತು ನಿರ್ವಹಣಾ ಕಾಯ್ದೆಯ 34ನೇ ಕಲಂ ವಾಹನ ತಡೆಯುವ ಅಧಿಕಾರವನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಕೊಟ್ಟಿದೆ. ಅದರ ಅಧ್ಯಕ್ಷರು ಜಿಲ್ಲಾಧಿಕಾರಿ. ಆದೇಶದ ಪ್ರತಿ ಪಂಚಾಯ್ತಿ ಗೋಡೆ ಮೇಲೆ ಅಂಟಿಸಿದರೆ ಪಿಡಿಒ ಮೇಲೆ ಯಾರೂ ರೇಗುವುದಿಲ್ಲ.

ನೀರಿಳಿದ ಮೇಲಿನದು ಇನ್ನೂ ಅಪಾಯ. ರಸ್ತೆ ದಾಟಿ ಧುಮುಕುವ ನೀರು ಕೆಳಮಗ್ಗುಲಿನ ಮಣ್ಣು ಕೊರೆಯುತ್ತದೆ. ಮೇಲೆ ಡಾಂಬರು ಹಾಗೇ, ಒಳಗೆ ಟೊಳ್ಳು. ಹಾರೆಯಿಂದ ಕುಟ್ಟಿ, ಎರಡೂ ಮಗ್ಗುಲು, ಮೋರಿಯ ಬಾಯಿ ನೋಡಿದ ಮೇಲೆಯೇ ತೆರೆಯಬೇಕು. ಮೊದಲು ಬೈಕು, ಆಮೇಲೆ ಕಾರು, ಲೋಡ್ ಗಾಡಿ ಕೊನೆಗೆ.

ದೊಡ್ಡ ಜಗಳ ಬೇರೆಯೇ. ಎತ್ತರಿಸಿದ ರಸ್ತೆ ನೀರಿಗೆ ಅಡ್ಡ ಕಟ್ಟಿದ ಕೆರೆ ಏರಿ ಇದ್ದಂತೆ. ಮೇಲಿನ ಗದ್ದೆಯವರು "ಜೆಸಿಬಿ ತರಿಸಿ ರಸ್ತೆ ಕಡೀರಿ" ಅಂತಾರೆ, ಆಚೆ ಊರಿನವರು "ನಮ್ಮ ದಾರಿ?" ಅಂತಾರೆ. ಇಬ್ಬರದೂ ಸರಿಯೇ. ಮಣ್ಣು ಹಾಕಿ ಮೂರಡಿ ಎತ್ತರಿಸಿ, ಎರಡಡಿಯ ಒಂದೇ ಪೈಪ್ ಇಟ್ಟವರದು ತಪ್ಪು. ಮೂರಡಿ ಪೈಪಿನ ಬಾಯಿ ಅದರ ಎರಡೂಕಾಲು ಪಟ್ಟು. ಇರುವ ಪೈಪಿಗೂ ಜೊಂಡು, ಮೆಕ್ಕೆಜೋಳದ ದಂಟು ಸಿಕ್ಕಿರುತ್ತದೆ. ಮೇ ತಿಂಗಳಲ್ಲೇ ತೆಗೆಸಬೇಕು. ಕಡಿಯಲೇಬೇಕಾದರೆ ಆದೇಶ ತಂದು, ಹಗಲಲ್ಲಿ, ಪೈಪ್ ಇರುವ ಜಾಗದಲ್ಲೇ ಕಡಿಯಿರಿ: ನೀರು ಹಳೆಯ ಹಳ್ಳ ಹಿಡಿದೇ ಹೋಗುತ್ತದೆ, ಆಮೇಲೆ ದೊಡ್ಡ ಮೋರಿ ಕೂರಿಸಲೂ ಅದೇ ಅಗೆತ ಸಾಕು.