ಗ್ಯಾಸ್ ಮಾತ್ರೆ ಹಂಚುವ ಹಿರಿಯರಿಗೆ

ಇವತ್ತು ಬಸವನಗುಡಿಯ ಛತ್ರವೊಂದರಲ್ಲಿ ಮದುವೆ ಊಟ. ಎಲೆಗೆ ಕೋಸಂಬರಿ ಬಿದ್ದಿದೆ, ಪಕ್ಕದಲ್ಲಿದ್ದ ಹಿರಿಯರೊಬ್ಬರು ಜುಬ್ಬಾ ಜೇಬಿನಿಂದ ಪ್ಯಾಂಟೊಪ್ರಜೋಲ್ ಎಂಬ ಗ್ಯಾಸ್ ಮಾತ್ರೆಯ ಸ್ಟ್ರಿಪ್ ತೆಗೆದು ಸಾಲಿನವರಿಗೆಲ್ಲ ತೀರ್ಥ ಕೊಟ್ಟ ಹಾಗೆ ಒಂದೊಂದು ಹಂಚಿದರು. "ಹಾಕ್ಕೊಂಬಿಡಮ್ಮ, ಆಮೇಲೆ ಒಬ್ಬಟ್ಟು ಎಷ್ಟ್ ಬೇಕಾದ್ರೂ ಹೊಡೀಬಹುದು." ಬೇಡ ಅಂದೆ. "ಮೇಡಂಗೆ ಗ್ಯಾಸ್ಟ್ರಿಕ್ಕೇ ಇಲ್ವಂತೆ!" ಅಂತ ಸಾಲಿಗೆ ಸಾಲೇ ನಕ್ಕಿತು. ಪಿಯು ಮಕ್ಕಳಿಗೆ ಆಮ್ಲ-ಪ್ರತ್ಯಾಮ್ಲ ಪಾಠ ಮಾಡಿ ಗಂಟಲು ಹರಿದುಕೊಂಡವಳು ನಾನು. ನನ್ನ ಮುಖ ಹೇಗಾಗಿರಬೇಕು, ಊಹಿಸಿ.

ಎಲೆ ಮುಂದೆ ಕೂತು ಆ ಮಾತ್ರೆ ನುಂಗಿದರೆ ದೊಡ್ಡ ಪ್ರಯೋಜನವೇ ಇಲ್ಲ ಸ್ವಾಮಿ. ಊಟಕ್ಕೆ ಅರ್ಧ ಗಂಟೆಯಾದರೂ ಮುಂಚೆ ತಗೋಬೇಕು. ಹೊಟ್ಟೆಯಲ್ಲಿ ಆಗಲೇ ಇರುವ ಆಮ್ಲವನ್ನು ಅದು ಮುಟ್ಟುವುದಿಲ್ಲ, ರಕ್ತದ ಮೂಲಕ ಹೋಗಿ ಆಮ್ಲ ಸುರಿಸುವ ಪಂಪನ್ನು ನಿಲ್ಲಿಸುತ್ತದೆ. ಇದ್ದ ಆಮ್ಲವನ್ನು ಅಲ್ಲೇ ತಟಸ್ಥ ಮಾಡುವುದು ಬಾಟಲಿಯ ಆಂಟಾಸಿಡ್: ಅಲ್ಯುಮಿನಿಯಂ ಹೈಡ್ರಾಕ್ಸೈಡ್, ಮೆಗ್ನೀಸಿಯಂ ಹೈಡ್ರಾಕ್ಸೈಡ್. ಖಾಲಿ ಹೊಟ್ಟೆಯಲ್ಲಿ ಅದರ ಆಟ ಅರ್ಧ-ಮುಕ್ಕಾಲು ಗಂಟೆ, ಊಟವಾದ ಮೇಲೆ ಕುಡಿದರೆ ಮೂರು ಗಂಟೆವರೆಗೂ ನಡೆಯುತ್ತದೆ. ನಮ್ಮವರಿಗೆ ಎರಡೂ ಒಂದೇ ಗ್ಯಾಸ್ ಮಾತ್ರೆ.

ಅದೂ ಹೋಗಲಿ. ನನಗೆ ಉರಿಯುವುದು (ಎದೆ ಅಲ್ಲ, ಮೈ) ಯಾಕೆಂದರೆ, ಎಲ್ಲರೂ ಆಮ್ಲವನ್ನೇ ಬೈಯುತ್ತಾರೆ, ಜಠರದ ಗೋಡೆಯ ಮಾತು ಯಾರೂ ಎತ್ತುವುದಿಲ್ಲ. ಜಠರದೊಳಗಿನ ಪಿಎಚ್ (ಆಮ್ಲದ ಅಳತೆ: 7 ಅಂದರೆ ತಟಸ್ಥ, ಇಳಿದಷ್ಟೂ ಆಮ್ಲ ಜೋರು) 1.5-2ರ ಸುಮಾರು, ಮಾಂಸವನ್ನೇ ಕರಗಿಸುವ ಊರು ಅದು. ಆದರೂ ಜಠರ ತನ್ನನ್ನೇ ತಿಂದುಕೊಳ್ಳುವುದಿಲ್ಲ. ಒಳಗೋಡೆ ಲೋಳೆಯ ಪದರ ಹೊದ್ದುಕೊಂಡಿರುತ್ತದೆ, ಆ ಲೋಳೆಯೊಳಗೆ ಜೀವಕೋಶಗಳು ಆಮ್ಲವನ್ನು ತಟಸ್ಥ ಮಾಡುವ ಬೈಕಾರ್ಬನೇಟ್ ಬಿಡುತ್ತಿರುತ್ತವೆ. ಹಾಗಾಗಿ ಒಂದು ಮಿಲಿಮೀಟರಿಗೂ ಕಡಿಮೆ ದಪ್ಪದ ಲೋಳೆ ದಾಟುವಷ್ಟರಲ್ಲಿ, ಜೀವಕೋಶದ ಹತ್ತಿರ ಪಿಎಚ್ ಹೆಚ್ಚುಕಮ್ಮಿ 7ಕ್ಕೆ ಬಂದಿರುತ್ತದೆ. ಮೇಲ್ಪದರದ ಜೀವಕೋಶಗಳೇ ಕೆಲವೇ ದಿನಕ್ಕೊಮ್ಮೆ ಹೊಸದಾಗುತ್ತವೆ. ಈ ಲೋಳೆ, ಬೈಕಾರ್ಬನೇಟ್, ಗೋಡೆಯ ರಕ್ತ ಸಂಚಾರ ಎಲ್ಲವನ್ನೂ ನಡೆಸುವುದು ನಮ್ಮ ಮೈಯೇ ತಯಾರಿಸುವ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ.

ಈ ಕಾವಲನ್ನು ಮುರಿಯುವುದು ಒಬ್ಬಟ್ಟಲ್ಲ. ಮಂಡಿನೋವಿಗೆ, ತಲೆನೋವಿಗೆ ನಾವು ಕಡಲೆಕಾಯಿಯಂತೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್. ಆಸ್ಪಿರಿನ್ ಜಾತಿಯ ಮಾತ್ರೆಗಳು ಪ್ರೋಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ ಅಂತ ಬ್ರಿಟಿಷ್ ವಿಜ್ಞಾನಿ ಜಾನ್ ವೇನ್ 1971ರಲ್ಲೇ ತೋರಿಸಿದರು, 1982ರಲ್ಲಿ ನೊಬೆಲ್ಲೂ ಬಂತು. ಗಾಂಧಿಬಜಾರಿನಲ್ಲಿ ಸುದ್ದಿ ಇನ್ನೂ ತಲುಪಿಲ್ಲ.

ತಮಾಷೆ ಏನು ಗೊತ್ತಾ? ನಾವು ಸಸಾರ ಮಾಡುವ ಆ ಹಳೇ ಅಲ್ಯುಮಿನಿಯಂ ಆಂಟಾಸಿಡ್ ಆಮ್ಲ ತಗ್ಗಿಸುವುದಷ್ಟೇ ಅಲ್ಲ, ಗೋಡೆಯ ಪ್ರೋಸ್ಟಾಗ್ಲಾಂಡಿನ್ನನ್ನೂ ಎಬ್ಬಿಸುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಹಾಗಂತ ಬಾಟಲಿ ಎತ್ತಿ ಗಟಗಟ ಕುಡಿಯಬೇಡಿ. ಅಲ್ಯುಮಿನಿಯಂ ಮಲಬದ್ಧತೆ ತರುತ್ತದೆ, ಮೆಗ್ನೀಸಿಯಂ ಭೇದಿ ಮಾಡಿಸುತ್ತದೆ, ಎರಡೂ ಕಬ್ಬಿಣದ ಮಾತ್ರೆ, ಕೆಲವು ಆಂಟಿಬಯಾಟಿಕ್ಕು ಮೈಗೆ ಹತ್ತದಂತೆಯೂ ಮಾಡುತ್ತವೆ.

"ನೋವಿನ ಮಾತ್ರೆ ಜೊತೆ ಡಾಕ್ಟರೇ ಗ್ಯಾಸ್ ಮಾತ್ರೆ ಬರೆದಿದ್ದಾರಲ್ಲ?" ಬರೆದಿದ್ದಾರೆ, ಸರಿಯಾಗಿಯೇ ಬರೆದಿದ್ದಾರೆ. ನಮ್ಮಪ್ಪನಿಗೆ ಮಂಡಿನೋವಿನ ಮಾತ್ರೆಯಿಂದ ಹುಣ್ಣಾಗಿ ಹೊಟ್ಟೆಯೊಳಗೆ ರಕ್ತ ಸೋರಿತ್ತು. ಮಲ ಟಾರಿನ ಹಾಗೆ ಕಪ್ಪಗೆ ಹೋಗುತ್ತಿದ್ದರೂ ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ ಮನುಷ್ಯ. ಅವರನ್ನು ಉಳಿಸಿದ ಔಷಧಿಗಳಲ್ಲಿ ಇದೇ ಪ್ಯಾಂಟೊಪ್ರಜೋಲೂ ಒಂದು. ಈ ವಿಷಯ ಬಂದರೆ ನಾನು ಯಾಕೆ ಮದುವೆಮನೆಯಲ್ಲೂ ಮುಖ ಗಂಟಿಕ್ಕುತ್ತೇನೆ ಅಂತ ಈಗ ಗೊತ್ತಾಯಿತಲ್ಲ. ಆದರೆ ಡಾಕ್ಟರು ಬರೆದದ್ದು ಇಂತಿಷ್ಟು ವಾರಕ್ಕೆ. ಒಬ್ಬಟ್ಟಿಗಲ್ಲ, ಪಕ್ಕದ ಎಲೆಯವರಿಗಂತೂ ಅಲ್ಲವೇ ಅಲ್ಲ! ಆಮ್ಲ ಕಡಿಮೆಯಾದರೆ ಹುಣ್ಣು ಮಾಯುತ್ತದೆ ನಿಜ, ನೋವಿನ ಮಾತ್ರೆ ಕಿತ್ತುಕೊಂಡ ಪ್ರೋಸ್ಟಾಗ್ಲಾಂಡಿನ್ ಅದರಿಂದ ವಾಪಸ್ ಬರುವುದಿಲ್ಲ. ಜಠರದಾಚೆ ಸಣ್ಣಕರುಳಿಗೆ ಅದೇ ನೋವಿನ ಮಾತ್ರೆ ಮಾಡುವ ಗಾಯಕ್ಕೂ ಗ್ಯಾಸ್ ಮಾತ್ರೆ ಅಡ್ಡ ಬರುವುದಿಲ್ಲ. ಗ್ಯಾಸ್ ಮಾತ್ರೆಯನ್ನು ಬಹಳ ಕಾಲ ನುಂಗಿ ಒಮ್ಮೆಲೇ ಬಿಟ್ಟರೆ ಆಮ್ಲ ಮೊದಲಿಗಿಂತ ಜೋರಾಗಿ ಉಕ್ಕಬಹುದು. ಆಗ "ನೋಡಿದ್ರಾ, ಮಾತ್ರೆ ಇಲ್ದೆ ಆಗೋದೇ ಇಲ್ಲ" ಅಂತ ಮತ್ತೆ ಶುರು. ವರ್ಷಗಟ್ಟಲೆ ಹೀಗೇ ನಡೆದರೆ ಬಿ12, ಮೆಗ್ನೀಸಿಯಂ ಇಳಿಯಬಹುದು.

ಕಾಮೆಂಟಿನಲ್ಲಿ ಜೀರಿಗೆ ನೀರು, ತಣ್ಣನೆ ಹಾಲು ಅಂತ ಶುರು ಮಾಡುವವರು ಮೊದಲು ಎದ್ದು ಹೋಗಿ ಅಡುಗೆಮನೆ ಡಬ್ಬಿ ತೆಗೆಯಿರಿ. ಅಲ್ಲಿರುವ ಸ್ಟ್ರಿಪ್ಪನ್ನು ಯಾರು, ಯಾವ ವರ್ಷ, ಎಷ್ಟು ದಿನಕ್ಕೆ ಅಂತ ಬರೆದುಕೊಟ್ಟಿದ್ದರೋ ನೋಡಿಕೊಂಡು ಬಂದು ಆಮೇಲೆ ಬರೆಯಿರಿ.