ಈ ಸಲ ಕಪ್ ಎಲ್ಲರದೂ

ಪುರುಷರ ರಗ್ಬಿ ವಿಶ್ವಕಪ್ 1987ರಿಂದ ಈಚೆಗೆ ಹತ್ತು ಬಾರಿ ನಡೆದಿದೆ. ದಕ್ಷಿಣ ಆಫ್ರಿಕಾ ನಾಲ್ಕು ಬಾರಿ, ನ್ಯೂಜಿಲೆಂಡ್ ಮೂರು ಬಾರಿ, ಆಸ್ಟ್ರೇಲಿಯಾ ಎರಡು ಬಾರಿ, ಇಂಗ್ಲೆಂಡ್ ಒಂದು ಬಾರಿ ಅದನ್ನು ಗೆದ್ದಿವೆ. ಐದನೆಯ ದೇಶವೊಂದಕ್ಕೆ ಆ ಭಾಗ್ಯ ಇದುವರೆಗೂ ಒದಗಿಲ್ಲ. ಇಷ್ಟು ಚಿಕ್ಕ ಪಟ್ಟಿ ಕಣ್ಣ ಮುಂದಿರುವಾಗ ಮುಂದಿನ ಸಲ ಯಾರು ಗೆಲ್ಲಬಹುದೆಂಬ ಚರ್ಚೆ ಚಹಾ ಆರುವುದರೊಳಗೆ ಮುಗಿಯಬೇಕಿತ್ತು. ಆದರೆ ಡಬ್ಲಿನ್ನಿನಿಂದ ಡ್ಯುನೆಡಿನ್‌ವರೆಗೆ, ಕಾರ್ಡಿಫ್‌ನಿಂದ ಕೇಪ್‌ಟೌನ್‌ವರೆಗೆ ಹರಡಿಕೊಂಡಿರುವ ರಗ್ಬಿ ಅಭಿಮಾನಿಗಳೆಂಬ ವಿದ್ವಜ್ಜನರು ಒಂದು ಟೂರ್ನಿಯ ಫೈನಲ್ ಮುಗಿದ ರಾತ್ರಿಯೇ ಮುಂದಿನ ಟೂರ್ನಿಯ ಫಲಾಫಲ ಹೇಳಲು ಕುಳಿತುಬಿಡುತ್ತಾರೆ, ಮತ್ತು ಆ ಕಾರ್ಯಕ್ಕೆ ನಾಲ್ಕು ವರ್ಷಗಳ ಅವಧಿಯೂ ಅವರಿಗೆ ಸಾಲುವುದಿಲ್ಲ. ಈಗ ಅವರೆಲ್ಲರ ಕಣ್ಣು 2027ರ ಅಕ್ಟೋಬರ್ 1ರಂದು ಆಸ್ಟ್ರೇಲಿಯಾದಲ್ಲಿ ಆರಂಭವಾಗಲಿರುವ ಹನ್ನೊಂದನೆಯ ವಿಶ್ವಕಪ್ಪಿನ ಮೇಲೆ ನೆಟ್ಟಿದೆ. ಅಲ್ಲಿ ಆಡಲಿರುವ 24 ತಂಡಗಳ ಪೈಕಿ ಅರ್ಧ ಡಜನ್ ತಂಡಗಳು, ಅವರವರ ಅಭಿಮಾನಿಗಳ ಲೆಕ್ಕದಲ್ಲಿ, ಕಪ್ಪನ್ನು ಈಗಾಗಲೇ ಗೆದ್ದು ಮನೆಗೆ ತಂದಾಗಿದೆ.

ಈ ವಿದ್ವತ್ತಿನ ವೈಶಿಷ್ಟ್ಯವೆಂದರೆ ಇದನ್ನು ಯಾವ ಫಲಿತಾಂಶವೂ ಸುಳ್ಳು ಮಾಡಲಾರದು. 2019ರ ಟೂರ್ನಿಯಲ್ಲಿ ದಕ್ಷಿಣ ಆಫ್ರಿಕಾ ತನ್ನ ಮೊದಲ ಪಂದ್ಯದಲ್ಲೇ ನ್ಯೂಜಿಲೆಂಡಿಗೆ 23–13ರಿಂದ ಸೋತು, ಕೊನೆಗೆ ಯೊಕೊಹಾಮಾದಲ್ಲಿ ಇಂಗ್ಲೆಂಡನ್ನು 32–12ರಿಂದ ಮಣಿಸಿ ಕಪ್ ಗೆದ್ದಿತು. ಗುಂಪು ಹಂತದಲ್ಲಿ ಸೋತ ತಂಡವೊಂದು ವಿಶ್ವಕಪ್ ಗೆದ್ದದ್ದು ಅದೇ ಮೊದಲು. 2023ರಲ್ಲಿ ಅದೇ ತಂಡ ಗುಂಪಿನಲ್ಲಿ ಐರ್ಲೆಂಡಿಗೆ 13–8ರಿಂದ ಸೋತು ಮತ್ತೆ ಕಪ್ ಗೆದ್ದಿತು. ಅಂದಿನಿಂದ ಸೋಲೆಂಬುದು ಶುಭಶಕುನದ ಪಟ್ಟಿಗೆ ಸೇರಿಹೋಗಿದೆ. ಸೋತ ತಂಡದ ಅಭಿಮಾನಿ ‘ಸರಿಯಾದ ಸಮಯಕ್ಕೆ ಸೋತಿದ್ದೇವೆ’ ಎಂದು ನೆಮ್ಮದಿಯ ಉಸಿರು ಬಿಡುತ್ತಾನೆ. ಗೆದ್ದ ತಂಡದ ಅಭಿಮಾನಿ ‘ಇಷ್ಟು ಬೇಗ ಇಷ್ಟು ಚೆನ್ನಾಗಿ ಆಡಬಾರದಿತ್ತು’ ಎಂದು ಕೊರಗುತ್ತಾನೆ. ಗೆಲುವಿನಿಂದ ದುಃಖವನ್ನೂ ಸೋಲಿನಿಂದ ಹರ್ಷವನ್ನೂ ಪಡೆಯುವ ಈ ಸ್ಥಿತಪ್ರಜ್ಞತೆ ಹಿಮಾಲಯದಲ್ಲಿ ಕೂತವರಿಗೂ ದಕ್ಕಿದ ಹಾಗಿಲ್ಲ.

ಈ ತತ್ತ್ವವನ್ನು ಐರ್ಲೆಂಡಿನ ಅಭಿಮಾನಿಗಳಷ್ಟು ಆಳವಾಗಿ ಅನುಭವಿಸಿದವರು ಬೇರೆ ಇಲ್ಲ. 2019ರ ಸೆಪ್ಟೆಂಬರಿನಲ್ಲಿ ಐರ್ಲೆಂಡ್ ವಿಶ್ವದ ಮೊದಲನೆಯ ರ‍್ಯಾಂಕಿನ ತಂಡವಾಗಿ ಜಪಾನಿಗೆ ಹೋಯಿತು, ಆತಿಥೇಯರಿಗೆ 19–12ರಿಂದ ಸೋತಿತು, ಅನಂತರ ಕ್ವಾರ್ಟರ್‌ಫೈನಲ್‌ನಲ್ಲಿ ನ್ಯೂಜಿಲೆಂಡ್ ಎದುರು 46–14ರಿಂದ ನೆಲಕಚ್ಚಿತು. 2023ರಲ್ಲಿ ಮತ್ತೆ ಮೊದಲನೆಯ ರ‍್ಯಾಂಕು. ಈ ಸಲ ಬೆನ್ನಿಗೆ ಸತತ 17 ಗೆಲುವುಗಳ ಬಲ. ಪ್ಯಾರಿಸ್ಸಿನ ಕ್ವಾರ್ಟರ್‌ಫೈನಲ್‌ನಲ್ಲಿ 28–24ರಿಂದ ಹಿಂದೆ ಬಿದ್ದಿದ್ದ ತಂಡ, ಪಂದ್ಯದ ಕೊನೆಗೆ ಚೆಂಡನ್ನು ಕೈಬಿಡದೆ ಒಂದಾದ ಮೇಲೊಂದರಂತೆ 37 ಬಾರಿ ನ್ಯೂಜಿಲೆಂಡಿನ ಗೋಡೆಗೆ ತಲೆ ಕೊಟ್ಟಿತು. ಮೂವತ್ತೇಳನೆಯ ಸಲ ಸ್ಯಾಮ್ ವೈಟ್‌ಲಾಕ್ ಎಂಬ ದೈತ್ಯ ಬಗ್ಗಿ ಚೆಂಡಿನ ಮೇಲೆ ಕೈ ಹಾಕಿದಾಗ ರೆಫರಿಯ ಸೀಟಿ ಮೊಳಗಿ ಪಂದ್ಯ ಮುಗಿಯಿತು. ಹೀಗೆ ಐರ್ಲೆಂಡ್ ವಿಶ್ವಕಪ್ಪಿನ ಕ್ವಾರ್ಟರ್‌ಫೈನಲ್‌ನಲ್ಲಿ ಎಂಟು ಬಾರಿ ಆಡಿ ಎಂಟು ಬಾರಿಯೂ ಸೋತಿದೆ. ಇಷ್ಟು ಶಿಸ್ತು ಬೇರೆ ಯಾವ ತಂಡಕ್ಕೂ ಇಲ್ಲ. ಹದಿನೆಂಟು ವರ್ಷ ‘ಈ ಸಲ ಕಪ್ ನಮ್ದೇ’ ಎಂದು ಕೂಗಿ ಗಂಟಲು ಹರಿದುಕೊಂಡ ಬೆಂಗಳೂರಿನವರಿಗೆ ಐರಿಷ್ ಜನರ ಮನಃಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ವ್ಯತ್ಯಾಸವಿಷ್ಟೆ, ನಮ್ಮವರಿಗೆ ಆ ಅವಧಿಯಲ್ಲಿ ಮೂರು ಫೈನಲ್ ಸೋಲುವ ಸುಖವಾದರೂ ಸಿಕ್ಕಿತ್ತು.

ರ‍್ಯಾಂಕಿಂಗ್ ಎಂಬ ಮಾತು ಬಂದಿತು. 2003ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಸೋತ ತಂಡದ ಅಂಕಗಳು ಗೆದ್ದ ತಂಡದ ಖಾತೆಗೆ ಜಮೆಯಾಗುತ್ತವೆ. ಎಷ್ಟು ಅಂಕ ಎಂಬುದನ್ನು ಎರಡು ತಂಡಗಳ ನಡುವಣ ಅಂತರ, ಆಡಿದ ನೆಲ ಯಾರದು, ಗೆಲುವು 15 ಅಂಕಗಳಿಗಿಂತ ದೊಡ್ಡದೇ ಎಂಬುವು ನಿರ್ಧರಿಸುತ್ತವೆ. ದಶಮಾಂಶ ಬಿಂದುವಿನ ನಂತರ ಎರಡು ಅಂಕಿಗಳಿರುವುದರಿಂದ ಇದಕ್ಕೆ ವಿಜ್ಞಾನದ ಗಾಂಭೀರ್ಯವೂ ಬಂದಿದೆ. ಈ ವಿಜ್ಞಾನದ ಪ್ರಕಾರ 2019ರ ಆಗಸ್ಟ್‌ನಲ್ಲಿ ವೇಲ್ಸ್ ಜಗತ್ತಿನ ಶ್ರೇಷ್ಠ ತಂಡವಾಗಿತ್ತು. ಅದೇ ವೇಲ್ಸ್ 2023ರ ಅಕ್ಟೋಬರಿನ ಕ್ವಾರ್ಟರ್‌ಫೈನಲ್‌ನಿಂದ ಮೊದಲ್ಗೊಂಡು ಸತತ 18 ಟೆಸ್ಟ್ (ಅಂದರೆ ಅಂತರರಾಷ್ಟ್ರೀಯ) ಪಂದ್ಯಗಳನ್ನು ಸೋತು, 2025ರ ಜುಲೈನಲ್ಲಿ ಜಪಾನನ್ನು ಜಪಾನಿನಲ್ಲೇ ಸೋಲಿಸಿದಾಗ ದೇಶಕ್ಕೆ ದೇಶವೇ ನಿಟ್ಟುಸಿರು ಬಿಟ್ಟಿತು. ಆ ಗೆಲುವಿನ ಮರುದಿನ ವೇಲ್ಸಿನ ಅಭಿಮಾನಿಗಳು ಏನನ್ನು ಚರ್ಚಿಸಿದರೆಂದು ಊಹಿಸುವುದು ಕಷ್ಟವಲ್ಲ.

ಆದರೆ ಅಭಿಮಾನಿಗಳನ್ನಷ್ಟೇ ಹಾಸ್ಯ ಮಾಡುವುದು ಅನ್ಯಾಯವಾದೀತು, ಏಕೆಂದರೆ ಈ ವಿಷಯದಲ್ಲಿ ಆಡಳಿತದವರೂ ಹಿಂದೆ ಬಿದ್ದಿಲ್ಲ. 2023ರ ವಿಶ್ವಕಪ್ಪಿನ ಗುಂಪುಗಳನ್ನು ನಿರ್ಧರಿಸಲು ಚೀಟಿ ಎತ್ತಿದ್ದು 2020ರ ಡಿಸೆಂಬರಿನಲ್ಲಿ, ಅದೂ 2020ರ ಜನವರಿ 1ರ ರ‍್ಯಾಂಕಿಂಗ್ ಆಧಾರದ ಮೇಲೆ. ಟೂರ್ನಿ ಆರಂಭವಾಗುವ ಹೊತ್ತಿಗೆ ಆ ಪಟ್ಟಿಗೆ ಮೂರೂಮುಕ್ಕಾಲು ವರ್ಷ ವಯಸ್ಸಾಗಿತ್ತು. ಪರಿಣಾಮವಾಗಿ ಜಗತ್ತಿನ ಮೊದಲ ಐದು ತಂಡಗಳಾದ ಐರ್ಲೆಂಡ್, ದಕ್ಷಿಣ ಆಫ್ರಿಕಾ, ಫ್ರಾನ್ಸ್, ನ್ಯೂಜಿಲೆಂಡ್ ಮತ್ತು ಸ್ಕಾಟ್ಲೆಂಡ್ ಒಂದೇ ಮಗ್ಗುಲಿನ ಎರಡು ಗುಂಪುಗಳಲ್ಲಿ ಒತ್ತೊತ್ತಾಗಿ ಕುಳಿತು ಪರಸ್ಪರ ಕಚ್ಚಾಡಿದವು. ಇನ್ನೊಂದು ಮಗ್ಗುಲಿನಲ್ಲಿ, ಆಗಸ್ಟ್‌ನಲ್ಲಿ ತನ್ನದೇ ಟ್ವಿಕನ್‌ಹ್ಯಾಮ್‌ನಲ್ಲಿ ಫಿಜಿಗೆ 30–22ರಿಂದ ಸೋತು ಸ್ವಂತ ಅಭಿಮಾನಿಗಳಿಂದಲೇ ಎಳ್ಳುನೀರು ಬಿಡಿಸಿಕೊಂಡಿದ್ದ ಇಂಗ್ಲೆಂಡ್, ಸೆಮಿಫೈನಲ್‌ವರೆಗೂ ಸಲೀಸಾಗಿ ನಡೆದು ಅಲ್ಲಿ ದಕ್ಷಿಣ ಆಫ್ರಿಕಾಕ್ಕೆ 16–15ರಿಂದ, ಒಂದೇ ಒಂದು ಅಂಕದಿಂದ, ಸೋತಿತು. ಈಗ ಆ ಒಂದು ಅಂಕದ ಬಲದ ಮೇಲೆ 2027ರ ಕಪ್ ಇಂಗ್ಲೆಂಡಿನದೆಂಬ ವಾದ ನಿಂತಿದೆ. ಜೊತೆಗೆ ಇನ್ನೊಂದು ಪುರಾವೆಯೂ ಇದೆಯಂತೆ: ಇಂಗ್ಲೆಂಡ್ ಗೆದ್ದ ಏಕೈಕ ಕಪ್ಪು, ಅಂದರೆ ಜಾನಿ ವಿಲ್ಕಿನ್ಸನ್ ತನ್ನ ಪಳಗಿದ ಎಡಗಾಲನ್ನು ಬಿಟ್ಟು ಬಲಗಾಲಿನಲ್ಲಿ ಡ್ರಾಪ್ ಗೋಲ್ (ಚೆಂಡನ್ನು ಕೈಯಿಂದ ನೆಲಕ್ಕೆ ಬಿಟ್ಟು ಪುಟಿದೊಡನೆ ಒದೆಯುವ ಗೋಲು) ಹೊಡೆದು ಗೆಲ್ಲಿಸಿದ 2003ರ ಕಪ್ಪು, ನಡೆದದ್ದೂ ಆಸ್ಟ್ರೇಲಿಯಾದಲ್ಲೇ. ಆ ಫೈನಲ್‌ನಲ್ಲಿ ಸೋತ ಆತಿಥೇಯರು ಮಾತ್ರ ಈ ಪುರಾವೆಯನ್ನು ಒಪ್ಪುತ್ತಿಲ್ಲ.

ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೊದವರ ವಾದಸರಣಿ ಇನ್ನೂ ಸೊಗಸು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಪ್ರತಿವರ್ಷ ಸೆಣಸುವ ಕಲ್ಕತ್ತಾ ಕಪ್ಪು ನಮ್ಮ ದೇಶದ ಸೊತ್ತು: ಕಲ್ಕತ್ತಾದ ಫುಟ್‌ಬಾಲ್ ಕ್ಲಬ್ಬೊಂದು 1878ರಲ್ಲಿ ಬಾಗಿಲು ಮುಚ್ಚುವಾಗ ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಹೊರತೆಗೆದು, ಕರಗಿಸಿ, ಮೂರು ನಾಗರಹಾವುಗಳನ್ನು ಹಿಡಿಗಳಾಗಿಯೂ ಮುಚ್ಚಳದ ಮೇಲೆ ಒಂದು ಆನೆಯನ್ನೂ ಕೂರಿಸಿ ಮಾಡಿಸಿಕೊಟ್ಟದ್ದು. (1988ರಲ್ಲಿ ಉಭಯ ತಂಡಗಳ ಆಟಗಾರರಿಬ್ಬರು ಕುಡಿದು ಅದನ್ನು ಎಡಿನ್‌ಬರೊದ ಬೀದಿಗಳಲ್ಲಿ ಮೆರವಣಿಗೆ ಮಾಡಿ ನಗ್ಗಿಸಿದ ಮೇಲೆ ಆನೆಗೆ ಕಾವಲು ಬಿಗಿಯಾಗಿದೆ.) 2021ರಿಂದ 2024ರವರೆಗೆ ಸತತ ನಾಲ್ಕು ವರ್ಷ ಸ್ಕಾಟ್ಲೆಂಡ್ ಈ ಪಂದ್ಯವನ್ನು ಗೆದ್ದಿತು. ಇಂಗ್ಲೆಂಡನ್ನು ನಾವು ಸೋಲಿಸುತ್ತೇವೆ, ಇಂಗ್ಲೆಂಡ್ ದಕ್ಷಿಣ ಆಫ್ರಿಕಾದೊಡನೆ ಒಂದು ಅಂಕದ ಅಂತರದಲ್ಲಿದೆ, ಆದ್ದರಿಂದ ನಾವು ವಿಶ್ವಚಾಂಪಿಯನ್ನರಿಗಿಂತ ಮೇಲು ಎಂಬ ಈ ಅನುಮಾನ ಪ್ರಮಾಣಕ್ಕೆ ತರ್ಕಶಾಸ್ತ್ರದ ಪ್ರಕಾರ ಒಂದೇ ಅಡ್ಡಿ ಇದೆ. ಅದೇ ಅವಧಿಯ ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡ್ ದಕ್ಷಿಣ ಆಫ್ರಿಕಾಕ್ಕೆ 18–3ರಿಂದಲೂ ಐರ್ಲೆಂಡಿಗೆ 36–14ರಿಂದಲೂ ಸೋತು ಗುಂಪು ಹಂತದಿಂದಲೇ ಮನೆಗೆ ಮರಳಿತು.

ಸೋತ ಮೇಲೆ ಹೇಳಬೇಕಾದ ಕಾರಣಗಳು ಮೊದಲೇ ಸಿದ್ಧವಾಗಿರುವುದರಿಂದ ಯಾರಿಗೂ ತೊಂದರೆಯಾಗುವುದಿಲ್ಲ. ರಗ್ಬಿ ಆಡುವ ಪ್ರತಿ ದೇಶಕ್ಕೂ ರಾಷ್ಟ್ರಗೀತೆ, ರಾಷ್ಟ್ರಪುಷ್ಪಗಳ ಸಾಲಿನಲ್ಲಿ ಒಬ್ಬ ರಾಷ್ಟ್ರೀಯ ರೆಫರಿ ಇದ್ದಾನೆ. ವೇಲ್ಸಿನವರಿಗೆ 2011ರ ಸೆಮಿಫೈನಲ್‌ನಲ್ಲಿ ನಾಯಕ ಸ್ಯಾಮ್ ವಾರ್ಬರ್ಟನ್‌ಗೆ ಕೆಂಪು ಕಾರ್ಡು ತೋರಿಸಿದ ಅಲೆನ್ ರೋಲೆಂಡ್. ಪಂದ್ಯ ಸೋತದ್ದು 9–8ರಿಂದ. ಸ್ಕಾಟ್ಲೆಂಡಿನವರಿಗೆ 2015ರಲ್ಲಿ ಆಸ್ಟ್ರೇಲಿಯಾಕ್ಕೆ ಕೊನೆಯ ಕ್ಷಣದ ಪೆನಾಲ್ಟಿ ಕೊಟ್ಟು, ಪಂದ್ಯ 35–34ಕ್ಕೆ ಮುಗಿದೊಡನೆ ಮೈದಾನದಿಂದ ಓಟ ಕಿತ್ತ ಕ್ರೇಗ್ ಜೌಬರ್ಟ್. ಜೌಬರ್ಟ್ ಮೇಲೆ ಫ್ರಾನ್ಸಿನವರಿಗೂ ಪಾಲಿದೆ, ಏಕೆಂದರೆ ಅವರು 8–7ರಿಂದ ಸೋತ 2011ರ ಫೈನಲ್‌ನಲ್ಲೂ ಸೀಟಿ ಆತನದೇ ಆಗಿತ್ತು. ನ್ಯೂಜಿಲೆಂಡಿನವರದು ವೇಯ್ನ್ ಬಾರ್ನ್ಸ್: 2007ರ ಕ್ವಾರ್ಟರ್‌ಫೈನಲ್‌ನಲ್ಲಿ ಫ್ರಾನ್ಸಿನವರು ಚೆಂಡನ್ನು ಮುಂದಕ್ಕೆ ಎಸೆದದ್ದು ಆತನ ಕಣ್ಣಿಗೆ ಬೀಳದೆ 20–18ರಿಂದ ಸೋತ ನೋವನ್ನು ಹದಿನಾರು ವರ್ಷ ಜೋಪಾನ ಮಾಡಿಟ್ಟುಕೊಂಡಿದ್ದವರಿಗೆ, 2023ರ ಫೈನಲ್‌ಗೂ ಅದೇ ಬಾರ್ನ್ಸ್ ಬಂದ, ನಾಯಕ ಸ್ಯಾಮ್ ಕೇನ್ ಕೆಂಪು ಕಾರ್ಡು ಪಡೆದ, ತಂಡ 12–11ರಿಂದ ಸೋತಿತು. ಕುಣಿಯಲಾರದವರು ನೆಲ ಡೊಂಕೆಂದರೆಂಬ ಗಾದೆಯನ್ನು ಇಲ್ಲಿ ಹೇಳುವ ಹಾಗಿಲ್ಲ. ಇವರು ಚೆನ್ನಾಗಿಯೇ ಕುಣಿಯುತ್ತಾರೆ, ಮತ್ತು ಒಮ್ಮೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. 2015ರ ಆ ಪೆನಾಲ್ಟಿ ತಪ್ಪು ನಿರ್ಧಾರವೆಂದು ರಗ್ಬಿಯ ಜಾಗತಿಕ ಆಡಳಿತ ಸಂಸ್ಥೆಯೇ ಮರುದಿನ ಒಪ್ಪಿಕೊಂಡಿತು. ಅಭಿಮಾನಿಗಳಿಗೆ ಇದರಿಂದ ಆದದ್ದು ನಷ್ಟವೇ. ಎಲ್ಲರೂ ಒಪ್ಪಿದ ಅನ್ಯಾಯವನ್ನು ಎಷ್ಟು ಹೊತ್ತು ಚರ್ಚಿಸಲು ಸಾಧ್ಯ?

ಫ್ರಾನ್ಸಿನವರಿಗೆ ಆ ಕೊರತೆಯಿಲ್ಲ. 2023ರ ಕ್ವಾರ್ಟರ್‌ಫೈನಲ್‌ನಲ್ಲಿ ತೋಮಾ ರಾಮೋ ಹೆಚ್ಚುವರಿ ಎರಡು ಅಂಕಗಳಿಗಾಗಿ ಚೆಂಡನ್ನು ಒದೆಯಲು ಹೆಜ್ಜೆ ಎತ್ತಿದಾಗ, ದಕ್ಷಿಣ ಆಫ್ರಿಕಾದ ಪುಟ್ಟ ಓಟಗಾರ ಚೆಸ್ಲಿನ್ ಕೋಲ್ಬೆ ಗೋಲು ಗೆರೆಯಿಂದ ಬಾಣದಂತೆ ನುಗ್ಗಿ ಅದನ್ನು ತಡೆದುಬಿಟ್ಟ. ಫ್ರಾನ್ಸ್ 29–28ರಿಂದ ಸೋತಿತು. ಒದೆಯುವವನು ಓಟ ಆರಂಭಿಸಿದ ಮೇಲಷ್ಟೇ ಎದುರಾಳಿ ಗೆರೆ ಬಿಡಬಹುದು. ರಾಮೋನ ಕಾಲು ಅಲುಗಿದ್ದು ಮೊದಲೋ ಕೋಲ್ಬೆಯ ಪಾದ ಎದ್ದದ್ದು ಮೊದಲೋ ಎಂಬ ಪ್ರಶ್ನೆಯನ್ನು ಬಿಡಿಸಲು ಆ ವಿಡಿಯೋವನ್ನು ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ, ಗೆರೆ ಎಳೆದು, ಬಾಣದ ಗುರುತು ಹಾಕಿ ಪರೀಕ್ಷಿಸುವ ಕಾರ್ಯ ಇನ್ನೂ ನಿಂತಿಲ್ಲ. ಮೂರು ಫೈನಲ್ ಆಡಿ ಮೂರನ್ನೂ ಸೋತ ದೇಶಕ್ಕೆ ಆ ಎರಡು ಅಂಕಗಳು ಸಿಕ್ಕಿದ್ದರೆ ನಾಲ್ಕನೆಯದು ಗ್ಯಾರಂಟಿಯಾಗಿ ಗೆಲ್ಲುತ್ತಿತ್ತಂತೆ.

ಇನ್ನು ತಂಡದ ಆಯ್ಕೆ. ಅದೇ ಟೂರ್ನಿಯ ನಡುವೆ ದಕ್ಷಿಣ ಆಫ್ರಿಕಾದ ಹುಕರ್ ಮಾಲ್ಕಮ್ ಮಾರ್ಕ್ಸ್ ಗಾಯಗೊಂಡು ಹೊರಬಿದ್ದ. ಎರಡೂ ತಂಡಗಳವರು ಹೆಗಲುಗೂಡಿಸಿ ಪರಸ್ಪರ ತಳ್ಳಾಡುವ ಸ್ಕ್ರಮ್ಮಿನ ನಟ್ಟನಡುವೆ ನಿಂತು ಚೆಂಡನ್ನು ಕಾಲಿನಿಂದ ಹಿಂದಕ್ಕೆಳೆಯುವ ಈ ಸ್ಥಾನಕ್ಕೆ ಇನ್ನೊಬ್ಬ ಹುಕರನನ್ನು ಕರೆಸುವ ಬದಲು ತರಬೇತುದಾರರು ಗೋಲಿಗೆ ಒದೆಯುವ ಹಾಂಡ್ರೆ ಪೊಲಾರ್ಡ್‌ನನ್ನು ಕರೆಸಿದರು. ಬುದ್ಧಿ ನೆಟ್ಟಗಿದೆಯೇ ಎಂದು ಅಭಿಮಾನಿಗಳು ಕೇಳಿದರು. ಫೈನಲ್ ಶುರುವಾದ ಕೆಲವೇ ನಿಮಿಷಗಳಲ್ಲಿ ಉಳಿದಿದ್ದ ಒಬ್ಬನೇ ಹುಕರ್ ಬೊಂಗಿ ಎಂಬೊನಾಂಬಿಯೂ ಗಾಯಗೊಂಡು ಹೊರನಡೆದಾಗ ಆ ಪ್ರಶ್ನೆ ಅತ್ಯಂತ ಯುಕ್ತವಾಗಿ ಕಂಡಿತು. 37 ವರ್ಷದ ಡಿಯೋನ್ ಫೋರಿ ಆ ಸ್ಥಾನದಲ್ಲಿ ಹೇಗೋ ಪಂದ್ಯ ದಾಟಿಸಿದ, ಪೊಲಾರ್ಡ್ ನಾಲ್ಕು ಪೆನಾಲ್ಟಿ ಒದ್ದು ತಂಡದ ಹನ್ನೆರಡೂ ಅಂಕಗಳನ್ನು ತಾನೇ ಗಳಿಸಿದ, ಕಪ್ಪು ಬಂತು. ಅಂದು ರಾತ್ರಿಯಿಂದ ಅದೇ ಅಭಿಮಾನಿಗಳು ಈ ಯೋಜನೆಯ ದೂರದೃಷ್ಟಿಯನ್ನು ತಮಗೆ ಮೊದಲೇ ಹೊಳೆದಿತ್ತೆಂಬ ಧಾಟಿಯಲ್ಲಿ ವಿವರಿಸುತ್ತಿದ್ದಾರೆ. 1995, 2007, 2019 ಎಂದು ಹನ್ನೆರಡು ವರ್ಷಕ್ಕೊಮ್ಮೆ ಕಪ್ಪು ತಮ್ಮದೆಂಬ ಸಿದ್ಧಾಂತವೂ ಇವರದೇ. 2023ರಲ್ಲಿ ಗೆದ್ದು ತಂಡವೇ ಅದನ್ನು ಮುರಿದಾಗ ಯಾರೂ ಶೋಕಿಸಲಿಲ್ಲ.

ಲೆಕ್ಕಾಚಾರದವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 2011ರಲ್ಲಿ. ಗೋಲಿಗೆ ಒದೆಯುವ ಡ್ಯಾನ್ ಕಾರ್ಟರ್ ಇಲ್ಲದ ನ್ಯೂಜಿಲೆಂಡನ್ನು ಆ ದೇಶದಲ್ಲಿ ಯಾರೂ ಕಲ್ಪಿಸಿಕೊಂಡಿರಲಿಲ್ಲ. ಕಾರ್ಟರ್ ಅಭ್ಯಾಸದ ವೇಳೆ ಗಾಯಗೊಂಡ, ಅವನ ಬದಲಿಗೆ ಬಂದವನೂ ಗಾಯಗೊಂಡ, ಅವನ ಬದಲಿಗೆ ಬಂದವನು ಫೈನಲ್‌ನ ನಡುವೆ ಮಂಡಿ ಹಿಡಿದುಕೊಂಡು ಕುಳಿತ. ಆಗ ಮೈದಾನಕ್ಕಿಳಿದವನು ಸ್ಟೀಫನ್ ಡೊನಾಲ್ಡ್. ಹಿಂದಿನ ವರ್ಷ ಆಸ್ಟ್ರೇಲಿಯಾ ವಿರುದ್ಧ ಸೋತದ್ದಕ್ಕೆ ದೇಶವೆಲ್ಲ ಬೈದು ಬದಿಗಿಟ್ಟಿದ್ದ ಈತ ತಂಡದ ಕರೆ ಬಂದಾಗ ವೈಕಾಟೊ ನದಿಯಲ್ಲಿ ಸಣ್ಣ ಮೀನು ಹಿಡಿಯುತ್ತಿದ್ದ. ಹೊಟ್ಟೆಗೆ ಬಿಗಿಯಾಗಿ ಮೇಲಕ್ಕೇರುತ್ತಿದ್ದ ಜೆರ್ಸಿಯಲ್ಲಿ ಅವನು ಒದ್ದ ಒಂದು ಪೆನಾಲ್ಟಿಯಿಂದಲೇ ಕಪ್ಪು ನ್ಯೂಜಿಲೆಂಡಿನ ಪಾಲಾಯಿತು. ಮೀನು ಹಿಡಿಯುವವರ ಹೆಸರು ಯಾವ ಭವಿಷ್ಯವಾದಿಯ ಪಟ್ಟಿಯಲ್ಲೂ ಇರಲಿಲ್ಲ.

ಇಷ್ಟಾದರೂ 2027ರ ಲೆಕ್ಕಾಚಾರ ಭರದಿಂದ ಸಾಗಿದೆ. ಆಸ್ಟ್ರೇಲಿಯಾದವರು 2025ರ ಆಗಸ್ಟ್‌ನಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ 22–0ರಿಂದ ಹಿಂದಿದ್ದು 38–22ರಿಂದ ದಕ್ಷಿಣ ಆಫ್ರಿಕಾವನ್ನು ಸೋಲಿಸಿದಾಗ ಕಪ್ಪಿಡಲು ಜಾಗ ಹುಡುಕಿದರು. ನವೆಂಬರಿನಲ್ಲಿ ಯುರೋಪಿನಲ್ಲಿ ಆಡಿದ ನಾಲ್ಕು ಪಂದ್ಯಗಳನ್ನೂ ಸೋತು ಬಂದಾಗ ಜಾಗ ಹಾಗೇ ಇರಲಿ ಎಂದರು. ಡಿಸೆಂಬರಿನಲ್ಲಿ ಚೀಟಿ ಎತ್ತಿದಾಗ ಅವರಿಗೆ ಗುಂಪಿನಲ್ಲೇ ನ್ಯೂಜಿಲೆಂಡ್ ಸಿಕ್ಕಿತು. ಗಾಬರಿಯಾಗಲು ಕಾರಣವಿಲ್ಲ. ಹೊಸ ವ್ಯವಸ್ಥೆಯಲ್ಲಿ ನಾಲ್ಕು ತಂಡಗಳ ಆರು ಗುಂಪುಗಳಿದ್ದು, ಪ್ರತಿ ಗುಂಪಿನ ಮೊದಲ ಇಬ್ಬರೂ ಮೂರನೆಯವರಲ್ಲಿ ಉತ್ತಮರಾದ ನಾಲ್ವರೂ ಮುಂದಿನ ಸುತ್ತಿಗೆ ಹೋಗುತ್ತಾರೆ. ಅಂದರೆ ಎಂಟು ತಂಡಗಳನ್ನು ಮನೆಗೆ ಕಳಿಸುವ ಸಲುವಾಗಿ 36 ಪಂದ್ಯಗಳನ್ನು ಆಡಲಾಗುತ್ತದೆ.

ಈ ಏರ್ಪಾಡಿನಿಂದ ಹೆಚ್ಚು ಲಾಭವಾಗುವುದು ಐರ್ಲೆಂಡಿಗೆಂದು ನನಗನಿಸುತ್ತದೆ. ವಿಶ್ವಕಪ್ಪಿನ ನಾಕೌಟ್ ಹಂತದಲ್ಲಿ ಒಂದೂ ಪಂದ್ಯ ಗೆಲ್ಲದ ತಂಡವೆಂಬ ಅಪಖ್ಯಾತಿಯನ್ನು ಅದು ಕಳೆದುಕೊಳ್ಳಲು ಅನುಕೂಲವಾಗುವಂತೆ, ಹದಿನಾರು ತಂಡಗಳ ಒಂದು ಹೊಚ್ಚಹೊಸ ನಾಕೌಟ್ ಸುತ್ತನ್ನು ಕ್ವಾರ್ಟರ್‌ಫೈನಲ್‌ಗಿಂತ ಮೊದಲು ಸೇರಿಸಲಾಗಿದೆ. ಅದನ್ನು ಗೆದ್ದು ಇತಿಹಾಸ ನಿರ್ಮಿಸಿ, ಅನಂತರ ಎಂದಿನಂತೆ ಕ್ವಾರ್ಟರ್‌ಫೈನಲ್ ಆಡಬಹುದು.